ಗಾಡಿ ಜಖಮಾದಾಗ: ಕೈಯ ರೊಕ್ಕವೋ, ವಿಮೆಯ ಹಣವೋ?

ಮುನಿರಾಬಾದಿನ ಅಣೆಕಟ್ಟಿನಿಂದ ಹೊರಟ ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯ ಗದ್ದೆಗಳನ್ನು ತೋಯಿಸುತ್ತ ಸಾಗುವ ಸೀಮೆಯಲ್ಲಿ ಭತ್ತದ ಕೊಯ್ಲು ಆರಂಭವಾಯಿತೆಂದರೆ, ಹೊಲದಿಂದ ಅಕ್ಕಿಗಿರಣಿಗೆ ಹಗಲಿರುಳೆನ್ನದೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹಿಂದೀಪವಿಲ್ಲದ ಟ್ರೇಲರುಗಳು ಕತ್ತಲೆಯಲ್ಲಿ ರಸ್ತೆಯ ಅಂಚಿಗೆ ನಿಂತಿರುತ್ತವೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ರಾಶಿಯ ಕಾಲ ಬಂದಾಗ, ಕಣವಿಲ್ಲದ ರೈತರು ಡಾಂಬರು ರಸ್ತೆಯನ್ನೇ ಕಣವಾಗಿಸಿಕೊಂಡು ಸಜ್ಜೆ, ಜೋಳ, ಕಡಲೆಗಳನ್ನು ಹರವುವುದುಂಟು. ಅದರ ಮೇಲೆ ಬಂದ ಬೈಕಿನ ಚಕ್ರ ಜಾರದೆ ನಿಲ್ಲುವುದು ಅಪರೂಪ. ಕೊಪ್ಪಳದ ಮೂಲಕ ಹಾಯುವ 67ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿಯೂ, ಕುಷ್ಟಗಿಯ ಮಗ್ಗುಲಲ್ಲಿ ಹಾಯುವ 50ನೆಯ ಹೆದ್ದಾರಿಯಲ್ಲಿಯೂ ದೂರದೂರಿನ ಲಾರಿಗಳ ವೇಗಕ್ಕೂ ಹಳ್ಳಿಯ ಅಡ್ಡದಾರಿಯಿಂದ ಏರಿಬರುವ ಗಾಡಿಗಳ ನಿಧಾನಕ್ಕೂ ಎಂದೂ ಹೊಂದಿಕೆಯಿಲ್ಲ. ಹೀಗೆ ಬಿದ್ದ, ಬಡಿದ, ನುಗ್ಗಾದ ವಾಹನಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಯಾವುದಾದರೊಂದು ಗ್ಯಾರೇಜಿನ ಮುಂದೆ.

ಅಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಒಂದೇ: "ಇನ್ಶೂರೆನ್ಸ್ ಐತೇನ್ರಿ ಅಣ್ಣಾರ, ಇಲ್ಲಾ ಕೈಯಿಂದ ರೊಕ್ಕಾ ಹಾಕ್ತೀರೇನ್ರಿ?" ಈ ಪ್ರಶ್ನೆಗೆ ನಮ್ಮ ಜನ ಕೊಡುವ ಉತ್ತರ ಬಹುಮಟ್ಟಿಗೆ ಎರಡು ಭ್ರಮೆಗಳಲ್ಲಿ ಒಂದರಿಂದ ಹುಟ್ಟಿದ್ದಾಗಿರುತ್ತದೆ. ವಿಮೆಯೆಂದರೆ ಅಲೆದಾಟ, ಆ ಸಹವಾಸವೇ ಬೇಡವೆಂದು ಸಾವಿರಾರು ರೂಪಾಯಿಗಳ ನ್ಯಾಯವಾದ ಹಕ್ಕನ್ನು ಬಿಟ್ಟುಕೊಡುವುದು ಒಂದು. ಕಂತು ಕಟ್ಟಿದ್ದೇವೆ, ಗೀರು ಬಿದ್ದರೂ ವಸೂಲು ಮಾಡಲೇಬೇಕೆಂದು ಹೊರಟು, ಕೈಗೆ ಬಂದುದಕ್ಕಿಂತ ಹೆಚ್ಚನ್ನು ಮುಂದಿನ ವರ್ಷಗಳಲ್ಲಿ ಕಳೆದುಕೊಳ್ಳುವುದು ಇನ್ನೊಂದು. ಮೊದಲು ಗಾಡಿಯ ಅಸ್ಥಿಪಂಜರವನ್ನು ಪರೀಕ್ಷಿಸಿ, ಅನಂತರ ಪಾಲಿಸಿಯ ಲೆಕ್ಕವನ್ನು ಹಾಕಿ, ಇವೆರಡನ್ನೂ ಒಂದು ನಟ್ಟನ್ನು ಬಿಚ್ಚುವ ಮುನ್ನವೇ ಮುಗಿಸುವವನು ಈ ಎರಡು ನಷ್ಟಗಳಿಂದಲೂ ಪಾರಾಗುತ್ತಾನೆಂಬುದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ವಾಹನ ವಿಮೆಯಲ್ಲಿ ಎರಡು ಭಾಗಗಳಿರುವುದನ್ನು ಮೊಟ್ಟಮೊದಲು ತಿಳಿದಿರತಕ್ಕದ್ದು. ನಮ್ಮ ಗಾಡಿಯಿಂದ ಇತರರ ಪ್ರಾಣಕ್ಕೋ ಅಂಗಕ್ಕೋ ಸ್ವತ್ತಿಗೋ ಆದ ಹಾನಿಯನ್ನು ತುಂಬಿಕೊಡುವುದು ಥರ್ಡ್ ಪಾರ್ಟಿ ವಿಮೆ. ನಮ್ಮ ಗಾಡಿಗೇ ಆದ ಹಾನಿಯನ್ನು ತುಂಬಿಕೊಡುವುದು ಸ್ವಂತ ಹಾನಿಯ ವಿಮೆ. ಮೊದಲನೆಯದು ಶಾಸನದ ಬಲಾತ್ಕಾರದಿಂದ ಬಂದದ್ದು, ಎರಡನೆಯದು ಮಾಲೀಕನ ಇಚ್ಛೆಗೆ ಬಿಟ್ಟದ್ದು. 1939ರ ಮೋಟಾರು ವಾಹನ ಕಾಯಿದೆಯ ವಿಮಾ ಅಧ್ಯಾಯ 1946ರಲ್ಲಿ ಬ್ರಿಟಿಷ್ ಭಾರತದಲ್ಲಿ ಜಾರಿಗೆ ಬಂದಾಗ ಕೊಪ್ಪಳ ಸೀಮೆ ಇನ್ನೂ ನಿಜಾಮನ ಆಳ್ವಿಕೆಗೆ ಒಳಪಟ್ಟಿತ್ತು. ಇಂದು ಇಡೀ ದೇಶಕ್ಕೆ ಅನ್ವಯಿಸುವುದು 1988ರ ಕಾಯಿದೆ. ಅದರ 2019ರ ತಿದ್ದುಪಡಿಯ ಪ್ರಕಾರ ವಿಮೆಯಿಲ್ಲದೆ ಗಾಡಿ ಓಡಿಸಿದವನಿಗೆ ಮೊದಲ ಸಲ 2,000, ಮರುಸಲ 4,000 ರೂಪಾಯಿಗಳ ದಂಡ ವಿಧಿಸಬಹುದು. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ 5 ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಮಾಡಿಸಬೇಕಾಗಿದೆ. ಇಲ್ಲಿಯೇ ಅನೇಕರು ಎಡವುತ್ತಾರೆ. ಶೋರೂಮಿನಲ್ಲಿ ಕೊಟ್ಟ ಕಾಗದದಲ್ಲಿ 5 ವರ್ಷವೆಂದು ಬರೆದಿರುವುದನ್ನು ಕಂಡು ತಮ್ಮ ಗಾಡಿಗೆ ಪೂರ್ಣ ರಕ್ಷಣೆಯಿದೆಯೆಂದು ನಂಬಿಕೊಂಡಿರುತ್ತಾರೆ. ಆದರೆ ಸ್ವಂತ ಹಾನಿಯ ಭಾಗ ಅನೇಕವೇಳೆ ಮೊದಲ ವರ್ಷಕ್ಕೇ ಮುಗಿದುಹೋಗಿರುತ್ತದೆ. ಅದು ಮುಗಿದಿದ್ದರೆ, ತಾನಾಗಿ ಜಾರಿ ಬಿದ್ದ ಗಾಡಿಯ ರಿಪೇರಿಗೆ ಕೈಯ ರೊಕ್ಕವಲ್ಲದೆ ಅನ್ಯಗತಿಯಿಲ್ಲ.

ಅಪಘಾತ ನಡೆದೊಡನೆ ಮನುಷ್ಯನ ಆರೈಕೆ ಮೊದಲು, ಗಾಡಿಯ ಚಿಂತೆ ಆಮೇಲೆ ಎಂಬುದನ್ನು ಹೇಳಬೇಕಾಗಿಯೇ ಇಲ್ಲ. ಗಾಡಿಯ ವಿಷಯಕ್ಕೆ ಬಂದಾಗ ಕಣ್ಣು ಮೊದಲು ಹರಿಯುವುದು ಒಡೆದ ಡೂಮು, ಮುರಿದ ಇಂಡಿಕೇಟರು, ನುಗ್ಗಾದ ಟ್ಯಾಂಕಿನ ಕಡೆಗೆ. ಇವು ಕಣ್ಣಿಗೆ ಘೋರವಾಗಿ ಕಂಡರೂ ಪ್ರಾಣಕ್ಕೆ ಎರವಾಗುವಂಥವಲ್ಲ. ಪ್ರಾಣಕ್ಕೆ ಎರವಾಗುವುದು ಬಾಗಿದ ಫೋರ್ಕು, ಹ್ಯಾಂಡಲಿನ ಬುಡದಲ್ಲಿ ಚಾಸಿಗೆ ಬಿದ್ದ ಕೂದಲೆಳೆಯ ಬಿರುಕು, ಓರೆಯಾದ ಚಕ್ರ. ಹ್ಯಾಂಡಲನ್ನು ನೇರವಾಗಿ ಹಿಡಿದರೂ ಗಾಡಿ ಒಂದು ಕಡೆಗೆ ಎಳೆಯುವುದು, ವೇಗ ಹೆಚ್ಚಿದಂತೆ ಮುಂಭಾಗ ನಡುಗುವುದು, ಟೈರು ಒಂದೇ ಅಂಚಿನಲ್ಲಿ ಸವೆಯುವುದು, ಹ್ಯಾಂಡಲಿನ ಬುಡದಲ್ಲಿ ಬಣ್ಣ ಸುಕ್ಕಾಗಿ ಸಿಡಿದಿರುವುದು, ಇವೆಲ್ಲ ಒಳಗಿನ ಎಲುಬು ಮುರಿದಿರುವ ಲಕ್ಷಣಗಳು. ಬಾಗಿದ ಚಾಸಿಯನ್ನು ಕಾಯಿಸಿ, ಬಡಿದು, ವೆಲ್ಡಿಂಗ್ ಹಾಕಿ ನೇರಮಾಡಿಕೊಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಕಾಯಿಸಿದ ಕಬ್ಬಿಣದ ಕಸುವು ಮೊದಲಿನಂತೆ ಉಳಿಯುವುದಿಲ್ಲವೆಂಬುದನ್ನು ಬಲ್ಲ ಮಾಲೀಕನು ಆ ಅಗ್ಗದ ಉಪಾಯಕ್ಕೆ ಒಪ್ಪಲಾರನು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹುಲಿಗಿಗೋ ಅಂಜನಾದ್ರಿಗೋ ಹೋಗುವ ಗಾಡಿ ಅದೆಂಬುದನ್ನು ಮರೆಯಕೂಡದು. ಎಲುಬಿಗೆ ಪೆಟ್ಟು ಬಿದ್ದಿದ್ದರೆ ಖರ್ಚು ದೊಡ್ಡದೇ ಆಗುತ್ತದೆ. ಆಗ ವಿಮೆಯನ್ನು ಕೇಳುವುದೇ ಮಾರ್ಗ.

ಅದಕ್ಕಾಗಿಯೇ ಕಾಲದ ನಿಯಮವನ್ನು ಪಾಲಿಸಬೇಕಾಗುತ್ತದೆ. ಬಿದ್ದ ಸ್ಥಳದಲ್ಲಿಯೇ ಗಾಡಿಯ ನಂಬರು ಕಾಣುವಂತೆ, ಪೆಟ್ಟು ಬಿದ್ದ ಭಾಗಗಳು ಕಾಣುವಂತೆ, ರಸ್ತೆಯ ಸ್ಥಿತಿ ಕಾಣುವಂತೆ ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದಿಡಬೇಕು. ಪಾಲಿಸಿಯಲ್ಲಿ ಮುದ್ರಿತವಾದ ದೂರವಾಣಿ ಸಂಖ್ಯೆಗೆ ಅಂದೇ ತಿಳಿಸಿ ಕ್ಲೇಮಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಯಾರಿಗಾದರೂ ಗಾಯವಾಗಿದ್ದರೆ, ಪರರ ಸ್ವತ್ತಿಗೆ ಹಾನಿಯಾಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಬೇಕು. ವಿಮಾ ಕಂಪನಿಯ ಸರ್ವೇಯರು ನೋಡಿ ಒಪ್ಪಿಗೆ ಕೊಡುವವರೆಗೆ ಗಾಡಿಯನ್ನು ಬಿಚ್ಚಗೊಡಬಾರದು. ಭತ್ತದ ಸುಗ್ಗಿಯ ಅವಸರದಲ್ಲಿ ಮೆಕ್ಯಾನಿಕ್ಕನ ಮಾತು ಕೇಳಿ ಮುರಿದ ಭಾಗಗಳನ್ನು ಗುಜರಿಗೆ ಹಾಕಿ, ಹೊಸದನ್ನು ಜೋಡಿಸಿ, ಆಮೇಲೆ ಕ್ಲೇಮಿಗೆ ಹೋದವರು ಬರಿಗೈಯಲ್ಲಿ ಹಿಂತಿರುಗುವುದು ಇದೇ ಕಾರಣದಿಂದ. ತಿಳಿಸಿದ ಮೇಲೆ ಲೆಕ್ಕ ಹಾಕಿ ನೋಡಿದಾಗ ಕ್ಲೇಮು ಬೇಡವೆನ್ನಿಸಿದರೆ, ಹಣ ಪಡೆಯುವ ಮುನ್ನ ಅದನ್ನು ಹಿಂತೆಗೆದುಕೊಳ್ಳುತ್ತೇವೆಂದು ಬರೆದುಕೊಟ್ಟು, ಅದರಿಂದ, ಕ್ಲೇಮು ಮಾಡದವನಿಗೆ ಕಂತಿನಲ್ಲಿ ಸಿಗುವ ರಿಯಾಯಿತಿಯಾದ ಬೋನಸ್ಸಿಗೆ ಭಂಗವಿಲ್ಲವೆಂಬ ಮಾತನ್ನು ಕಂಪನಿಯಿಂದ ಲಿಖಿತವಾಗಿಯೇ ಪಡೆಯಬೇಕು.

ಇನ್ನು ಲೆಕ್ಕದ ವಿಚಾರ. ಗ್ಯಾರೇಜಿನ ಬಿಲ್ಲು ಎಷ್ಟೋ ಅಷ್ಟೂ ವಿಮೆಯಿಂದ ಬರುವುದೆಂದು ತಿಳಿದವರು ಕೊನೆಯಲ್ಲಿ ಬೇಸರಪಡುತ್ತಾರೆ. ಹಳೆಯ ಭಾಗಕ್ಕೆ ಬದಲಾಗಿ ಹೊಸ ಭಾಗ ಬರುವುದರಿಂದ ಕಂಪನಿಯು ಅದರ ಬೆಲೆಯಲ್ಲಿ ಸವಕಳಿಯನ್ನು ಕಳೆಯುತ್ತದೆ. ರೂಢಿಯಲ್ಲಿರುವ ಪಟ್ಟಿಯ ಪ್ರಕಾರ ಪ್ಲಾಸ್ಟಿಕ್, ರಬ್ಬರು, ಟೈರು, ಟ್ಯೂಬು, ಬ್ಯಾಟರಿಗಳ ಮೇಲೆ ಶೇಕಡಾ 50, ಫೈಬರಿನ ಮೇಲೆ ಶೇಕಡಾ 30 ಕಡಿತ. ಗಾಜಿನ ಮೇಲೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸೇ ಅಳತೆ: ಮೊದಲ 6 ತಿಂಗಳು ಏನೂ ಇಲ್ಲ, ವರ್ಷದೊಳಗೆ ಶೇಕಡಾ 5, 2 ವರ್ಷದೊಳಗೆ 10, 3 ವರ್ಷದೊಳಗೆ 15, 4 ವರ್ಷದೊಳಗೆ 25, 5 ವರ್ಷದೊಳಗೆ 35, 10 ವರ್ಷದೊಳಗೆ 40, ಅದಕ್ಕೂ ಮೀರಿದರೆ 50. ಕೂಲಿಯ ಮೇಲೆ ಸವಕಳಿಯಿಲ್ಲ. ಕೊನೆಯಲ್ಲಿ ಪ್ರತಿ ಕ್ಲೇಮಿಗೂ ಮಾಲೀಕನೇ ಹೊರಬೇಕಾದ ಕಡ್ಡಾಯ ಕಡಿತವೊಂದುಂಟು. ಬೈಕಿಗೆ ಅದು 100 ರೂಪಾಯಿ, 1500 ಸಿ.ಸಿ.ವರೆಗಿನ ಸ್ವಂತ ಕಾರಿಗೆ 1,000, ಅದಕ್ಕೂ ದೊಡ್ಡ ಕಾರಿಗೆ 2,000. ಜೀರೋ ಡೆಪ್ರಿಸಿಯೇಷನ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಕೊಂಡಿದ್ದರೆ ಸವಕಳಿಯ ಬಹುಭಾಗ ಕಂಪನಿಯ ಪಾಲಿಗೇ ಹೋಗುತ್ತದೆ.

ತಕ್ಕಡಿಯಲ್ಲಿ ಇದರ ಎದುರು ತಟ್ಟೆಗೆ ಹಾಕಿ ತೂಗಬೇಕಾದದ್ದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮು ಮಾಡದವನಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 20, ಸತತವಾಗಿ 2 ವರ್ಷಕ್ಕೆ 25, 3ಕ್ಕೆ 35, 4ಕ್ಕೆ 45, 5ಕ್ಕೆ 50ರಷ್ಟು ರಿಯಾಯಿತಿ ದೊರೆಯುತ್ತದೆ. ಒಮ್ಮೆ ಕ್ಲೇಮು ಮಾಡಿದರೆ ಏಣಿಯ ಕೆಳಮೆಟ್ಟಿಲಿಗೆ ಇಳಿದು ಮತ್ತೆ ಮೊದಲಿನಿಂದ ಹತ್ತಬೇಕು. ಪಾಲಿಸಿ ಮುಗಿದು 90 ದಿನ ಕಳೆದರೂ ನವೀಕರಿಸದವನು, ಕ್ಲೇಮು ಮಾಡದಿದ್ದರೂ, ಈ ಬೋನಸ್ಸನ್ನು ಕಳೆದುಕೊಳ್ಳುತ್ತಾನೆ. ಈ ರಿಯಾಯಿತಿ ಥರ್ಡ್ ಪಾರ್ಟಿಯ ಕಂತಿಗೆ ಅನ್ವಯಿಸುವುದಿಲ್ಲ. 2022ರ ಜೂನ್ 1ರಿಂದ 75ರಿಂದ 150 ಸಿ.ಸಿ.ವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿಯೆಂದು ಸರ್ಕಾರ ಗೊತ್ತುಮಾಡಿದ ಆ ಮೊತ್ತ, ಕ್ಲೇಮು ಮಾಡಿದವನಿಗೂ ಮಾಡದವನಿಗೂ ಒಂದೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಾರಟಗಿಯ ರೈತನೊಬ್ಬನ ಬೈಕಿಗೆ ಮೂರೂವರೆ ವರ್ಷ ವಯಸ್ಸು. ರಿಯಾಯಿತಿ ಕಳೆಯುವ ಮುನ್ನ ಅದರ ಸ್ವಂತ ಹಾನಿಯ ಕಂತು ವರ್ಷಕ್ಕೆ 900 ರೂಪಾಯಿ. ಮೂರು ವರ್ಷ ಕ್ಲೇಮು ಮಾಡದ ಕಾರಣ ಈಗ ಅವನಿಗೆ ಶೇಕಡಾ 35ರ ಬೋನಸ್ಸಿದೆ. ಫೋರ್ಕು, ಹ್ಯಾಂಡಲು, ಸೈಲೆನ್ಸರುಗಳಂಥ ಲೋಹದ ಭಾಗಗಳಿಗೆ 6,000, ಡೂಮು, ಮಡ್‌ಗಾರ್ಡುಗಳಂಥ ಪ್ಲಾಸ್ಟಿಕ್ ಭಾಗಗಳಿಗೆ 3,000, ಕೂಲಿ 1,500, ಒಟ್ಟು 10,500 ರೂಪಾಯಿಗಳ ಖರ್ಚು ಬಂದಿತೆನ್ನೋಣ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಲೋಹದ ಮೇಲೆ ಶೇಕಡಾ 25 ಕಳೆದು 4,500, ಪ್ಲಾಸ್ಟಿಕ್ಕಿನ ಮೇಲೆ ಅರ್ಧ ಕಳೆದು 1,500, ಕೂಲಿ ಪೂರ್ತಿ 1,500, ಒಟ್ಟು 7,500. ಕಡ್ಡಾಯ ಕಡಿತದ 100 ಹೋಗಿ ಕೈಗೆ ಬರುವುದು 7,400. ಕಳೆದುಕೊಳ್ಳುವುದೆಷ್ಟು? ಬರುವ ವರ್ಷ 45ರ ಬದಲು ಸೊನ್ನೆ, ಮರುವರ್ಷ 50ರ ಬದಲು 20, ಮುಂದೆ ಕ್ರಮವಾಗಿ 25, 35, 45. ಈ ಅಂತರಗಳನ್ನೆಲ್ಲ ಕೂಡಿದರೆ ಶೇಕಡಾ 120, ಅಂದರೆ ಐದು ವರ್ಷಗಳಲ್ಲಿ ಹರಡಿಕೊಂಡ 1,080 ರೂಪಾಯಿ. ಗಾಡಿ ಹಳೆಯದಾದಂತೆ ಕಂತೂ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕೂ ಕಡಿಮೆ. 7,400 ಬರುವಲ್ಲಿ 1,080ಕ್ಕೆ ಅಂಜಿ ಹಿಂಜರಿಯುವುದು ವಿವೇಕವಲ್ಲ.

ಅದೇ ಬೈಕಿನ ಡೂಮು ಮತ್ತು ಇಂಡಿಕೇಟರು ಮಾತ್ರ ಒಡೆದು, ಭಾಗಗಳಿಗೆ 1,200, ಕೂಲಿಗೆ 600 ಖರ್ಚಾದರೆ ವಿಮೆಯಿಂದ ಬರುವುದು 1,100. ಕಳೆಯುವುದೂ ಹೆಚ್ಚು ಕಡಿಮೆ ಅಷ್ಟೇ. ಶೋರೂಮಿಗಾಗಿ ಕೊಪ್ಪಳಕ್ಕೋ ಹೊಸಪೇಟೆಗೋ ಹೋಗಿ ಬರುವ ಖರ್ಚು, ಸರ್ವೇಯರಿಗಾಗಿ ಕಾಯುವ ದಿನಗಳಲ್ಲಿ ತಪ್ಪುವ ಕೆಲಸ, ಇವನ್ನು ಕೂಡಿಸಿದರೆ ಕೈಯ ರೊಕ್ಕವೇ ಲೇಸು. ಕಾರಿನ ವಿಷಯದಲ್ಲಿ ಈ ಗಡಿ ಇನ್ನೂ ಮೇಲಕ್ಕೆ ಏರುತ್ತದೆ: ಸ್ವಂತ ಹಾನಿಯ ಕಂತು 12,000 ಇದ್ದು, ಬೋನಸ್ಸು ಇದೇ ಮೆಟ್ಟಿಲಿನಲ್ಲಿದ್ದರೆ, ಕ್ಲೇಮಿನಿಂದ ಮುಂದೆ ಕಳೆಯುವುದು ಸುಮಾರು 14,400, ಆದಕಾರಣ ಬಾಗಿಲಿನ ಗೀರಿನ 8,000 ರೂಪಾಯಿಗೆ ಕ್ಲೇಮು ಮಾಡುವುದು ತನ್ನ ಗಂಟನ್ನು ತಾನೇ ಬಿಚ್ಚಿಕೊಟ್ಟಂತೆ. ಇದರಿಂದ ನೆನಪಿಡಬೇಕಾದ ಸೂತ್ರ ಸರಳವಾದದ್ದು: ವಿಮೆಯಿಂದ ಕೈಗೆ ಬರುವ ಮೊತ್ತ, ಬಿಲ್ಲಿನ ಮೊತ್ತವಲ್ಲ, ರಿಯಾಯಿತಿ ಕಳೆಯದ ಒಂದು ವರ್ಷದ ಸ್ವಂತ ಹಾನಿಯ ಕಂತಿನ ಒಂದೂಕಾಲು ಪಟ್ಟನ್ನು ಚೆನ್ನಾಗಿ ಮೀರಿದ್ದರೆ ಕ್ಲೇಮು ಲಾಭಕರ.

ಹಾನಿ ಅತಿಯಾದಾಗ ಮೂರನೆಯ ಸ್ಥಿತಿಯೊಂದು ಒದಗುತ್ತದೆ. ಪಾಲಿಸಿಯಲ್ಲಿ ಐ.ಡಿ.ವಿ. ಎಂದು ನಮೂದಾಗಿರುವುದು ಆ ವರ್ಷಕ್ಕೆ ವಿಮೆಯ ದೃಷ್ಟಿಯಲ್ಲಿ ಗಾಡಿಯ ಬೆಲೆ. ರಿಪೇರಿಯ ಅಂದಾಜು ಆ ಬೆಲೆಯ ಶೇಕಡಾ 75ನ್ನು ಮೀರಿದರೆ ಗಾಡಿಯನ್ನು ಪೂರ್ಣ ನಷ್ಟವೆಂದು ಗಣಿಸುತ್ತಾರೆ. ಐ.ಡಿ.ವಿ. 40,000 ಇರುವ ಬೈಕಿಗೆ 32,000ದ ಅಂದಾಜು ಬಂದರೆ ಅದು 30,000ದ ಗಡಿ ದಾಟಿತು. ಆಗ ಭಾಗಗಳ ಸವಕಳಿಯ ಪ್ರಶ್ನೆಯಿಲ್ಲ, ಕಡ್ಡಾಯ ಕಡಿತ ಕಳೆದು ಐ.ಡಿ.ವಿ.ಯೇ ಪರಿಹಾರದ ಆಧಾರ. ಗಾಡಿಯ ಅವಶೇಷವನ್ನು ಮಾಲೀಕನೇ ಇಟ್ಟುಕೊಂಡರೆ ಅದರ ಬೆಲೆಯನ್ನು ಮುರಿದುಕೊಳ್ಳುತ್ತಾರೆ. ಸಾಲದ ಗಾಡಿಯಾಗಿದ್ದರೆ ಹಣ ಮೊದಲು ಸಲ್ಲುವುದು ಸಾಲ ಕೊಟ್ಟ ಬ್ಯಾಂಕಿಗೋ ಫೈನಾನ್ಸಿಗೋ. ನವೀಕರಣದ ವೇಳೆ ನಾಲ್ಕು ಕಾಸು ಉಳಿಸುವ ಆಸೆಯಿಂದ ಐ.ಡಿ.ವಿ.ಯನ್ನು ತಗ್ಗಿಸಿಕೊಂಡವನಿಗೆ ಅದರ ಬೆಲೆ ತಿಳಿಯುವುದು ಇಂಥ ದಿನದಲ್ಲಿ. ಗುಜರಿಗೆ ಹೋಗುವ ಗಾಡಿಯ ಆರ್.ಸಿ. ಪುಸ್ತಕವನ್ನು ಅದರೊಡನೆ ಕೊಟ್ಟುಬಿಡಕೂಡದು. ನಾಶವಾದ ವಾಹನದ ವಿಷಯವನ್ನು 14 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ ನೋಂದಣಿಯನ್ನು ರದ್ದುಪಡಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಹಾಗೆ ಮಾಡದಿದ್ದರೆ ಕೆ.ಎ. 37ರ ಆ ನಂಬರು ಕದ್ದ ಗಾಡಿಯೊಂದರ ಮೇಲೆ ಕುಳಿತು ಅಮಾಯಕ ಮಾಲೀಕನನ್ನು ಠಾಣೆಗೆ ಎಳೆದೀತು.

ಈ ವಿವೇಚನೆ ನಮ್ಮ ಸೀಮೆಗೆ ಮಾತ್ರ ಸೀಮಿತವಾದುದಲ್ಲ. ಚಳಿಗಾಲವೆಲ್ಲ ಹಿಮದಲ್ಲಿ ಮುಳುಗಿರುವ ಕೆನಡದಲ್ಲಿ ಬೊಂಬಾರ್ಡಿಯರ್ ಸಂಸ್ಥೆ 1959ರಲ್ಲಿ ಸ್ಕೀ-ಡೂ ಎಂಬ ಹಗುರವಾದ ಹಿಮವಾಹನವನ್ನು ಮಾರುಕಟ್ಟೆಗೆ ತಂದ ಮೇಲೆ, ಸ್ನೋಮೊಬೈಲ್ ಎಂಬ ಆ ಜಾತಿಯ ಗಾಡಿಗಳು ಅಲ್ಲಿನ ಬದುಕಿನ ಅಂಗವಾದವು. ಹಿಮದ ಅಡಿಯಲ್ಲಿ ಅಡಗಿದ ಬಂಡೆಗೋ ಮರದ ಬೊಡ್ಡೆಗೋ ಬಡಿದ ಅಂಥ ಗಾಡಿಯ ಮುಂದೆ ನಿಂತ ಮಾಲೀಕನೂ ಇದೇ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ: ಒಡೆದದ್ದು ಹೊರಗಿನ ಪ್ಲಾಸ್ಟಿಕ್ ಹೊದಿಕೆಯೋ, ಬಾಗಿದ್ದು ಒಳಗಿನ ಅಲ್ಯೂಮಿನಿಯಂ ಚೌಕಟ್ಟೋ? ವಿಮೆಯಿಂದ ಬರುವುದೆಷ್ಟು, ಮುಂದೆ ತೆರಬೇಕಾದದ್ದೆಷ್ಟು? ಹಿಮವಿರಲಿ, ಎರೆಮಣ್ಣಿರಲಿ, ನಿರ್ಣಯದ ಕ್ರಮ ಬದಲಾಗದು.

ನಮ್ಮಲ್ಲಿ ಕ್ಲೇಮುಗಳು ತಿರಸ್ಕೃತವಾಗುವುದಕ್ಕೆ ಕಾರಣಗಳು ಬಹುಪಾಲು ಅಪಘಾತಕ್ಕಿಂತ ಮುಂಚೆಯೇ ಹುಟ್ಟಿರುತ್ತವೆ. ಕೃಷಿಯ ಉಪಯೋಗಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಮರಳು, ಇಟ್ಟಿಗೆ ಸಾಗಿಸುವುದು, ನಾಟಿಗೆ ಹೋಗುವ ಹೆಣ್ಣುಮಕ್ಕಳನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ಅದಕ್ಕೂ ಮಿಗಿಲಾಗಿ ಆ ಬಡಜೀವಗಳಿಗೆ ಅನ್ಯಾಯ. ಟ್ರೇಲರಿಗೆ ಪ್ರತ್ಯೇಕ ನೋಂದಣಿಯೂ ವಿಮೆಯೂ ಬೇಕೆಂಬುದನ್ನು ಮರೆಯುವವರು ಅನೇಕರು. ಪರವಾನಗಿಯ ವಿಷಯದಲ್ಲಿ ಮಾತ್ರ ಒಂದು ಸಮಾಧಾನವುಂಟು: ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾಗಾಣಿಕೆ ವಾಹನವನ್ನು ಲಘು ವಾಹನದ ಪರವಾನಗಿಯುಳ್ಳವನು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಇನ್ನು ಹಳೆಯ ಬೈಕನ್ನು ಕೊಂಡು ಆರ್.ಸಿ.ಯಲ್ಲಾಗಲಿ ಪಾಲಿಸಿಯಲ್ಲಾಗಲಿ ಹೆಸರು ಬದಲಿಸದೆ ವರ್ಷಗಟ್ಟಲೆ ಓಡಿಸುವುದು ನಮ್ಮ ಸಂತೆಪೇಟೆಗಳ ದೊಡ್ಡ ರೋಗ. ಮಾರಾಟದೊಂದಿಗೆ ಥರ್ಡ್ ಪಾರ್ಟಿಯ ರಕ್ಷಣೆ ತಾನಾಗಿ ಹೊಸ ಮಾಲೀಕನಿಗೆ ಸಲ್ಲುತ್ತದೆಯೇ ಹೊರತು ಸ್ವಂತ ಹಾನಿಯ ರಕ್ಷಣೆ ಸಲ್ಲುವುದಿಲ್ಲ. 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರನ್ನು ಬದಲಿಸಿಕೊಳ್ಳಬೇಕು. ಎಲ್ಲಕ್ಕಿಂತ ಅಪಾಯಕರವಾದದ್ದು, ಪರವಾನಗಿಯಿಲ್ಲದ ಹುಡುಗ ಓಡಿಸುತ್ತಿದ್ದಾಗ ಅಪಘಾತವಾಗಿ, ಪರವಾನಗಿಯಿರುವ ಅಣ್ಣನೋ ಕಾಕನೋ ಓಡಿಸುತ್ತಿದ್ದನೆಂದು ಬರೆಸುವುದು. ಅದು ಬರಿಯ ಸುಳ್ಳಲ್ಲ, ಅಪರಾಧ. ಒಂದು ಮನೆಯ ಕಷ್ಟವನ್ನು ಎರಡು ಮನೆಗಳ ಕಷ್ಟವನ್ನಾಗಿ ಮಾಡುವ ಕೃತ್ಯ.

ತಪ್ಪು ಎದುರಿನ ಗಾಡಿಯವನದಾಗಿದ್ದರೆ ಹಿರಿಯರು ಕೂಡಿ ರಸ್ತೆಯಲ್ಲಿಯೇ ರಾಜಿ ಮಾಡಿಸುವುದು ನಮ್ಮ ಹಳ್ಳಿಗಳ ಪದ್ಧತಿ. ಸಣ್ಣ ಹಾನಿಗೆ ಅದು ಒಳ್ಳೆಯ ಪದ್ಧತಿಯೇ. ಆದರೆ ಸಾವಿರ ರೂಪಾಯಿ ಪಡೆದು, ಮುಂದೆ ಏನನ್ನೂ ಕೇಳುವುದಿಲ್ಲವೆಂದು ಸಹಿ ಹಾಕಿಕೊಟ್ಟ ಮರುದಿನ ಚಾಸಿ ಬಾಗಿರುವುದು ತಿಳಿದುಬಂದರೆ ದಾರಿಗಳೆಲ್ಲ ಮುಚ್ಚಿಹೋದಾವು. ಎದುರಿನವನ ಥರ್ಡ್ ಪಾರ್ಟಿ ವಿಮೆಯಿಂದ ನಮ್ಮ ಗಾಡಿಯ ಹಾನಿಯನ್ನು ಕೇಳುವ ಹಕ್ಕು ನಮಗಿದೆ. ಅದಕ್ಕೆ ಅಪಘಾತವಾದ 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು.

ನ್ಯಾಯವಾದ ಕ್ಲೇಮನ್ನು ಕಂಪನಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅನ್ವಯ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ಎರಡು ವರ್ಷಗಳವರೆಗೆ ತೆರೆದಿರುತ್ತದೆ. ಷರತ್ತಿನ ಉಲ್ಲಂಘನೆಯಾದ ಮಾತ್ರಕ್ಕೆ ಎಲ್ಲ ಸಂದರ್ಭಗಳಲ್ಲಿಯೂ ಪೂರ್ಣ ನಿರಾಕರಣೆ ಸಲ್ಲದೆಂಬುದನ್ನು 2010ರಲ್ಲಿ ಅಮಲೇಂದು ಸಾಹೂ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದು, ಪರಿಹಾರ ಕೊಡಿಸಿತು. ಮೊದಲ ನಿರಾಕರಣೆಯೇ ಕೊನೆಯ ಮಾತೆಂದು ಕೈಚೆಲ್ಲಬೇಕಾಗಿಲ್ಲ.

ಇಷ್ಟೆಲ್ಲ ತಿಳಿವಳಿಕೆ ಗ್ಯಾರೇಜಿನ ಮುಂದೆ ನೊಂದು ನಿಂತ ಹೊತ್ತಿನಲ್ಲಿ ಹುಟ್ಟತಕ್ಕದ್ದಲ್ಲ. ಪಾಲಿಸಿ ಕೈಗೆ ಬಂದ ದಿನವೇ ಸಾವಧಾನವಾಗಿ ಕುಳಿತು ಓದಿ ಪಡೆಯತಕ್ಕದ್ದು. ಆದರೆ ಆ ಪಾಲಿಸಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಇರುವೆಸಾಲಿನಂಥ ಅಕ್ಷರಗಳಲ್ಲಿ ಬರುತ್ತದೆ. ತಾವರಗೇರಾದ ಒಕ್ಕಲಿಗನಾಗಲಿ, ಕುಕನೂರಿನ ಕಿರಾಣಿ ಅಂಗಡಿಯವನಾಗಲಿ ಅದನ್ನು ಓದಿ ತಿಳಿಯಲೆಂದು ನಿರೀಕ್ಷಿಸುವುದು ಹೇಗೆ? ಸ್ವಂತ ಹಾನಿಯ ರಕ್ಷಣೆ ಎಂದಿನವರೆಗೆ, ಐ.ಡಿ.ವಿ. ಎಷ್ಟು, ಬೋನಸ್ಸು ಎಷ್ಟು, ಸವಕಳಿಯ ಪಟ್ಟಿ ಏನು, ಯಾವ ಉಪಯೋಗಕ್ಕೆ ರಕ್ಷಣೆಯಿಲ್ಲ, ಎಂಬ ಈ ಐದು ವಿಷಯಗಳನ್ನು ದೊಡ್ಡ ಅಕ್ಷರಗಳ ಕನ್ನಡದಲ್ಲಿ ಒಂದೇ ಹಾಳೆಯ ಮೇಲೆ ಅಚ್ಚುಮಾಡಿ ಪ್ರತಿ ಪಾಲಿಸಿಗೂ ಲಗತ್ತಿಸುವುದು ಕಂಪನಿಗಳಿಗೆ ಭಾರವಾಗದು. ಅದು ಬರುವವರೆಗೆ ಕೊಂಡುಕೊಳ್ಳುವವನೇ ಆ ಐದು ಪ್ರಶ್ನೆಗಳನ್ನು ಏಜೆಂಟನ ಮುಂದಿಟ್ಟು, ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಂಡು, ಆಮೇಲೆಯೇ ಹಣ ಕೊಡಲಿ. ವಿಮೆಯ ಹಣ ದಾನವೂ ಅಲ್ಲ, ಕೊಳ್ಳೆಯೂ ಅಲ್ಲ. ಬೆಲೆ ಕೊಟ್ಟು ಕೊಂಡ ಹಕ್ಕು. ಆ ಹಕ್ಕನ್ನು ಯಾವಾಗ ಚಲಾಯಿಸಬೇಕು, ಯಾವಾಗ ಕಾದಿಡಬೇಕೆಂಬುದನ್ನು ಲೆಕ್ಕ ಹಾಕಿ ತೀರ್ಮಾನಿಸುವ ಶಕ್ತಿ ಗಾಡಿಯ ಕೀಲಿಕೈ ಹಿಡಿದ ಪ್ರತಿಯೊಬ್ಬನಿಗೂ ಬರಬೇಕು.